ಮನೆಯಲ್ಲಿ ಹಾಡು ಮುದ್ರಿಸುವವರಿಗೆ: ಬೆರೆಸುವ ಮುನ್ನ ಮಟ್ಟ ಸರಿಪಡಿಸುವ ವಿಷಯ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಹಾಡುವವರೂ ಬಾರಿಸುವವರೂ ಕಡಿಮೆಯೇನಿಲ್ಲ. ಕೊಂಢವಾ ಖುರ್ದದಿಂದ ಬುದ್ರುಕದವರೆಗೆ ಎದ್ದು ನಿಂತಿರುವ ವಸತಿಗಳಲ್ಲಿ ಧಾರವಾಡ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಗಳಿಂದ ಬಂದು ನೆಲೆಸಿದ ಕುಟುಂಬಗಳಿವೆ. ಒಂದು ಮನೆಯಲ್ಲಿ ಪೇಟಿ ಇದ್ದರೆ ಇನ್ನೊಂದರಲ್ಲಿ ತಬಲಾ ಜೋಡಿ. ಮೂರನೆಯದರಲ್ಲಿ ಊರಿನಿಂದ ಬಂದ, ಪದಗಳ ಗಂಟನ್ನೇ ಹೊತ್ತುತಂದ ಅಜ್ಜಿ. ಇವುಗಳ ಜೊತೆಗೆ ಈಗ ಒಂದು ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಸಣ್ಣ ಪೆಟ್ಟಿಗೆ, ಒಂದು ಹೆಡ್‌ಫೋನು. ಒಂದು ಕಾಲಕ್ಕೆ ಸ್ಟುಡಿಯೋಗಳಲ್ಲಿ ಮಾತ್ರ ನಡೆಯುತ್ತಿದ್ದ ಧ್ವನಿಮುದ್ರಣದ ಕೆಲಸ ಇಂದು ಊಟದ ಮೇಜಿನ ಮೇಲೆ ನಡೆಯುತ್ತಿದೆ. ಸಂತೋಷದ ಸಂಗತಿಯೇ. ಆದರೆ ಸಾಮಾನು ಬಂದಷ್ಟು ಬೇಗ ಅದನ್ನು ಬಳಸುವ ತಿಳಿವಳಿಕೆ ಬರುವುದಿಲ್ಲವೆಂಬುದನ್ನು ನಾವು ಸ್ವಂತ ಅನುಭವದಿಂದ ಕಲಿತೆವು. ಆ ಅನುಭವವನ್ನೂ ಅದರಿಂದ ತಿಳಿದುಕೊಂಡ ಮಾತುಗಳನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಸದಸ್ಯರೊಬ್ಬರ ತಾಯಿ ನವಲಗುಂದದ ಕಡೆಯವರು. ವಯಸ್ಸು ಎಂಬತ್ತರ ಹತ್ತಿರ. ಬೀಸುವ ಪದ, ಸೋಬಾನ ಪದಗಳು ಅವರ ಬಾಯಲ್ಲಿ ಎಷ್ಟಿದ್ದವೋ ಅವರಿಗೇ ಲೆಕ್ಕವಿರಲಿಲ್ಲ. ಒಂದನ್ನೂ ಯಾರೂ ಬರೆದಿಟ್ಟಿರಲಿಲ್ಲ. ಮಗನ ಮನೆಗೆಂದು ಕೊಂಢವಾಕ್ಕೆ ಬಂದಾಗ ನಾವು ಮೂರು ನಾಲ್ಕು ಮಂದಿ ಸೇರಿ ಅವರ ಹಾಡುಗಳನ್ನು ಮುದ್ರಿಸಿಕೊಂಡು, ಸೊಸೆಯಂದಿರ ಹಿಮ್ಮೇಳ, ಪೇಟಿ, ತಾಳ, ತಂಬೂರಿಗಳನ್ನು ಆಮೇಲೆ ಕೂಡಿಸಿ, ರಾಜ್ಯೋತ್ಸವದ ದಿನ ಕೇಳಿಸಬೇಕೆಂದು ಹವಣಿಸಿದೆವು. ಮೈಕಿನ ಮುಂದೆ ಅವರನ್ನು ಕೂರಿಸಿ, “ಏನರೆ ಮಾತಾಡ್ರಿ ಅವ್ವಾ” ಎಂದೆವು. ಅವರು ನಾಚಿಕೊಂಡು ತಮ್ಮ ಹೆಸರು, ಊರಿನ ಹೆಸರು ಹೇಳಿದರು. ಆ ಮಾತಿನ ಮಟ್ಟಕ್ಕೆ ಸರಿಯಾಗಿ ಗುಂಡಿ ತಿರುಗಿಸಿ, ಮೀಟರಿನ ಹಸಿರು ಪಟ್ಟಿ ಹೆಚ್ಚು ಕಡಮೆ ತುದಿ ಮುಟ್ಟುವಂತೆ ಮಾಡಿ, ಹಾಡಲು ಹೇಳಿದೆವು. ಮೊದಲೆರಡು ಸಾಲು ಸರಿಯಾಗಿಯೇ ಬಂದವು. ಮೂರನೆಯ ಸಾಲಿಗೆ ಅವರು ಕಣ್ಣು ಮುಚ್ಚಿ ದನಿ ಎತ್ತಿದರು. ನಾವು ಅವರ ಮುಖವನ್ನೇ ನೋಡುತ್ತಿದ್ದೆವು; ಪೆಟ್ಟಿಗೆಯ ಮೇಲಿನ ಕೆಂಪು ದೀಪವನ್ನು ಯಾರೂ ನೋಡಲಿಲ್ಲ.

ಹಾಡು ಮುಗಿದ ಮೇಲೆ ಕೇಳಿದರೆ, ಎತ್ತರದ ಸಾಲುಗಳೆಲ್ಲ ಹರಿದ ತಗಡಿನಂತೆ ಕರ್ಕಶ. ಇನ್ನೊಮ್ಮೆ ಹಾಡಬೇಕೆಂದು ಕೇಳಿಕೊಂಡೆವು. “ಇಲ್ಲಪಾ, ಆ ಪದಕ್ಕ ಉಸಿರು ಭಾಳ ಬೇಕು. ಬ್ಯಾರೆದ್ದು ಹೇಳ್ತೀನಿ” ಎಂದು ಅವರು ಬೇರೊಂದನ್ನು ಹಾಡಿದರು. ಈ ಸಲ ನಾವು ಹೆದರಿ ಗುಂಡಿಯನ್ನು ಅತಿಯಾಗಿ ಇಳಿಸಿದ್ದೆವು; ಹಾಡು ಪಿಸುಮಾತಿನಷ್ಟು ಸಣ್ಣಗೆ ಬಂತು, ಅದರ ಹಿಂದೆ ಫ್ಯಾನಿನ ಸದ್ದು, ಕಾತ್ರಜ–ಕೊಂಢವಾ ರಸ್ತೆಯ ಲಾರಿಗಳ ಸದ್ದು. ಮುಂದಿನ ತಿಂಗಳು ಅವರು ಊರಿಗೆ ಹೋದರು. ಅಲ್ಲಿ ಒಂದು ಜ್ವರ ಬಂದು ಹೋಯಿತು. ಈಗ ಮಾತಾಡುತ್ತಾರೆ, ಆದರೆ ಆ ಮೇಲಿನ ಸಾಲಿಗೆ ದನಿ ಏರುವುದಿಲ್ಲ.

ಈ ಎರಡು ತಪ್ಪುಗಳು ಒಂದೇ ತೂಕದವಲ್ಲ ಎಂಬುದು ಮೊದಲು ತಿಳಿಯತಕ್ಕ ಮಾತು. ಕಂಪ್ಯೂಟರು ಧ್ವನಿಯನ್ನು ಅಂಕೆಗಳಾಗಿ ಬರೆದುಕೊಳ್ಳುತ್ತದೆ. ಸಿ.ಡಿ. ತಟ್ಟೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಸೆಕೆಂಡಿಗೆ ೪೪,೧೦೦ ಸಲ ಧ್ವನಿಯ ಅಲೆಯ ಎತ್ತರವನ್ನು ಅಳೆದು ಬರೆಯುತ್ತದೆ. ಬರೆಯಬಹುದಾದ ಅತಿ ದೊಡ್ಡ ಅಂಕೆ ೩೨,೭೬೭. ಅಲೆ ಅದಕ್ಕಿಂತ ಮೇಲೇರಿದರೂ ಬರೆಯುವುದು ೩೨,೭೬೭ನ್ನೇ. ದುಂಡಗಿರಬೇಕಾದ ಅಲೆಯ ನೆತ್ತಿ ಹೀಗೆ ಚಪ್ಪಟೆಯಾಗುತ್ತದೆ. ಕಿವಿಗೆ ಅದೇ ಕರ್ಕಶ ಶಬ್ದ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಆಮೇಲೆ ಧ್ವನಿಯನ್ನು ಎಷ್ಟು ತಗ್ಗಿಸಿದರೂ ಹೋದ ನೆತ್ತಿ ಬಾರದು. ತಲೆ ಬಿಟ್ಟು ತೆಗೆದ ಫೋಟೋವನ್ನು ಚಿಕ್ಕದು ಮಾಡಿದರೆ ತಲೆ ಮೂಡುವುದೆ? ಇದನ್ನು ರಿಪೇರಿ ಮಾಡುವ ತಂತ್ರಾಂಶಗಳು ಉಂಟು, ನಾವೂ ಪ್ರಯತ್ನಿಸಿದೆವು. ಅವು ಮಾಡುವುದು ಊಹೆ. ಒಂದೊಂದು ಕಡೆ ಚಿಟಿಕೆಯಷ್ಟು ಕೆಟ್ಟಿದ್ದರೆ ಊಹೆ ನಡೆದೀತು, ಇಡೀ ಸಾಲಿಗೆ ಸಾಲೇ ಹೋಗಿದ್ದರೆ ನಡೆಯದು. ಅದೇ, ಸಣ್ಣಗೆ ಬಂದ ಎರಡನೆಯ ಹಾಡನ್ನು ಮೇಲೆತ್ತಬಹುದಾಗಿತ್ತು. ಫ್ಯಾನಿನ ಸದ್ದೂ ಜೊತೆಗೆ ಮೇಲೇಳುತ್ತದೆ, ನಿಜ. ಆದರೆ ಹಾಡು ಇದೆ.

ಮೀಟರಿನ ಭಾಷೆ ಇಷ್ಟೆ. ಅಳತೆಯ ಮಾನ ಡೆಸಿಬೆಲ್. ಡಿಜಿಟಲ್ ಮೀಟರಿನಲ್ಲಿ ಸೊನ್ನೆ ಎಂಬುದು ನೆಲವಲ್ಲ, ಸೂರು. ಎಲ್ಲ ಅಳತೆಯೂ ಅಲ್ಲಿಂದ ಕೆಳಕ್ಕೆ. ೬ ಡೆಸಿಬೆಲ್ ಏರಿದರೆ ಅಲೆಯ ಎತ್ತರ ಇಮ್ಮಡಿ. ಕಿವಿಗೆ ಮಾತ್ರ ಇಮ್ಮಡಿ ಎನಿಸಬೇಕಾದರೆ ಸುಮಾರು ೧೦ ಡೆಸಿಬೆಲ್ ಏರಬೇಕು.

ಸೂರಿಗೂ ಧ್ವನಿಗೂ ನಡುವೆ ಜಾಗ ಬಿಡುವುದು ಇಂದು ನಷ್ಟದ ಬಾಬಲ್ಲ. ಹದಿನಾರು ಬಿಟ್ಟಿನ ಮುದ್ರಣದಲ್ಲಿ ಸೂರಿನಿಂದ ನೆಲದವರೆಗೆ ಲೆಕ್ಕದ ಪ್ರಕಾರ ಸುಮಾರು ೯೬ ಡೆಸಿಬೆಲ್ ಎತ್ತರ. ಇಪ್ಪತ್ತನಾಲ್ಕು ಬಿಟ್ಟಿನಲ್ಲಿ ಸುಮಾರು ೧೪೪. ನಮ್ಮ ಮನೆಗಳ ಗದ್ದಲವೇ ಈ ನೆಲಕ್ಕಿಂತ ಎಷ್ಟೋ ಮೇಲಿದೆ. ಆದಕಾರಣ ಇಪ್ಪತ್ತನಾಲ್ಕು ಬಿಟ್ಟನ್ನು ಆರಿಸಿಕೊಂಡು, ಹಾಡಿನ ಅತಿ ಗಟ್ಟಿ ಭಾಗವೂ ಸೊನ್ನೆಗಿಂತ ೧೦–೧೨ ಡೆಸಿಬೆಲ್ ಕೆಳಗೇ ನಿಲ್ಲುವಂತೆ ಗುಂಡಿ ಇಡತಕ್ಕದ್ದು. ಟೇಪಿನ ಕಾಲದಲ್ಲಿ ಧ್ವನಿ ಸಣ್ಣಗಾದರೆ ಟೇಪಿನ ಹಿಸ್ಸೆನ್ನುವ ಶಬ್ದ ಮುಂದಾಗುತ್ತಿತ್ತು; ಸಾಧ್ಯವಿದ್ದಷ್ಟು ಗಟ್ಟಿಯಾಗಿ ಮುದ್ರಿಸಬೇಕೆಂಬ ಹಳೆಯ ಉಪದೇಶ ಅಂದಿನದು. ಅದನ್ನು ಇಂದೂ ಪಾಲಿಸುವವರಿದ್ದಾರೆ. ನಾವೂ ಪಾಲಿಸಿಯೇ ಕೆಟ್ಟೆವು.

ಇನ್ನು, ಪರೀಕ್ಷೆಗಾಗಿ “ಹಲೋ, ಒಂದು, ಎರಡು, ಮೂರು” ಎನಿಸುವುದು ಬರೀ ಮೋಸ. ಮಾತಿಗೂ ಹಾಡಿಗೂ ಇರುವ ಅಂತರ ಅಷ್ಟಿಷ್ಟಲ್ಲ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗಾಗಿ ೧೯೫೩ರಲ್ಲಿ ಪುಣೆಯಲ್ಲಿ ಆರಂಭವಾದ ಉತ್ಸವದಲ್ಲಿ ಅವರ ಶಿಷ್ಯ, ಗದುಗಿನ ಭೀಮಸೇನ ಜೋಶಿಯವರನ್ನು ಕೇಳಿದ ಹಿರಿಯರು ನಮ್ಮಲ್ಲಿದ್ದಾರೆ. ವಿಲಂಬಿತದ ಮೊದಲ ಸ್ವರಗಳು ತಂಬೂರಿಯೊಳಗೆ ಕರಗುವಷ್ಟು ಮೆಲ್ಲಗೆ. ತಾರಷಡ್ಜಕ್ಕೆ ಏರಿದರೆ ಪೆಂಡಾಲಿನ ಕಟ್ಟಕಡೆಯ ಕುರ್ಚಿಯವನೂ ನೆಟ್ಟಗೆ ಕೂರುತ್ತಿದ್ದ. ನಮ್ಮ ಸಂಗೀತದ ಸ್ವಭಾವವೇ ಹೀಗೆ. ಆದ್ದರಿಂದ ಹಾಡುವವರಿಗೆ ಮೊದಲು ಅತಿ ಎತ್ತರದ ಸಾಲನ್ನೇ, ಪೂರ್ಣ ಕಂಠದಿಂದ, ಒಮ್ಮೆ ಹಾಡಲು ಹೇಳಿ, ಅದಕ್ಕೆ ಗುಂಡಿ ಹೊಂದಿಸಬೇಕು. ವಯಸ್ಸಾದವರಾಗಿದ್ದರೆ ಒಂದೇ ಸಾಲು ಸಾಕು. ಉಸಿರನ್ನೆಲ್ಲ ಪರೀಕ್ಷೆಗೇ ಖರ್ಚು ಮಾಡಿಸಬಾರದು.

ಗುಂಡಿಯೊಂದೇ ಉಪಾಯವಲ್ಲ. ೧೯೦೨ರಲ್ಲಿ ಕಲಕತ್ತೆಯಲ್ಲಿ ಗ್ರಾಮೋಫೋನ್ ಕಂಪನಿಯ ಗೈಸ್‌ಬರ್ಗ್ ಎಂಬವರು ಗೌಹರ್ ಜಾನರ ಹಾಡನ್ನು ಮುದ್ರಿಸಿದಾಗ ಮೈಕೆಂಬುದೇ ಇರಲಿಲ್ಲ. ಒಂದು ದೊಡ್ಡ ಕೊಂಬು. ಅದರ ಬಾಯಿಗೆ ಹಾಡಿದರೆ ಧ್ವನಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದ ತಟ್ಟೆಯಲ್ಲಿ ಗೆರೆ ಕೊರೆಯುತ್ತಿತ್ತು. ೧೯೨೫ರ ಸುಮಾರಿಗೆ ವಿದ್ಯುತ್ ಮುದ್ರಣ ಬರುವ ತನಕ ಜಗತ್ತಿನ ಎಲ್ಲೆಡೆಯೂ ಇದೇ ಪದ್ಧತಿ. ಯಾವ ಧ್ವನಿ ಎಷ್ಟಿರಬೇಕೆಂಬುದನ್ನು ನಿರ್ಧರಿಸುವ ಸಾಧನ ಒಂದೇ: ದೂರ. ಸಣ್ಣ ದನಿಯ ವಾದ್ಯ ಕೊಂಬಿಗೆ ಹತ್ತಿರ, ಗಟ್ಟಿಯದು ದೂರ. ಬೆರಕೆಯೆಲ್ಲ ಮುದ್ರಣಕ್ಕೆ ಮೊದಲೇ, ಕುರ್ಚಿ ಸರಿಸುವುದರಲ್ಲೇ ಮುಗಿಯುತ್ತಿತ್ತು. ಇಂದೂ ಈ ಉಪಾಯ ಹಳತಾಗಿಲ್ಲ. ಬಯಲಿನಲ್ಲಿ ದೂರವನ್ನು ಇಮ್ಮಡಿ ಮಾಡಿದರೆ ಧ್ವನಿ ೬ ಡೆಸಿಬೆಲ್ ಇಳಿಯುತ್ತದೆ. ಗೋಡೆಗಳ ನಡುವೆ ಸ್ವಲ್ಪ ಕಡಮೆ. ಹಾಡುವವರು ಮೈಕಿನಿಂದ ಒಂದು ಗೇಣು ದೂರ ಕೂತು, ದನಿ ಎತ್ತುವಾಗ ತುಸು ಹಿಂದಕ್ಕೆ ಬಾಗಿದರೆ ಅರ್ಧ ಕೆಲಸ ತಾನಾಗಿ ಆಗುತ್ತದೆ. ಪಳಗಿದ ಗಾಯಕರು ಇದನ್ನು ಯಾರೂ ಹೇಳದೆಯೇ ಮಾಡುತ್ತಾರೆ.

ಈಗ ಬೆರೆಸುವ ಮೊದಲಿನ ಮುಖ್ಯ ಕೆಲಸಕ್ಕೆ ಬರೋಣ. ಎರಡನೆಯ ಹಾಡಿಗೆ ನಾವು ಕೂಡಿಸಿಕೊಂಡ ಟ್ರ್ಯಾಕುಗಳು, ಅಂದರೆ ಬೇರೆ ಬೇರೆ ಧ್ವನಿಪಟ್ಟಿಗಳು, ಐದು. ಅಜ್ಜಿಯ ಹಾಡು ನಮ್ಮ ಮೈಕಿನಲ್ಲಿ ಬಂದದ್ದು. ಹಿಮ್ಮೇಳ ಇನ್ನೊಂದು ದಿನ ಇನ್ನೊಂದು ಮನೆಯಲ್ಲಿ ಆದದ್ದು. ಪೇಟಿ ಫೋನಿನಲ್ಲಿ ಮುದ್ರಿಸಿ ಕಳಿಸಿದ್ದು. ತಂಬೂರಿ ಎಲೆಕ್ಟ್ರಾನಿಕ್ ಪೆಟ್ಟಿಗೆಯದು. ತಾಳ ಕೊನೆಗೆ ಸೇರಿದ್ದು. ಪ್ರತಿಯೊಂದೂ ಬೇರೆ ಬೇರೆ ಅಳತೆಯಲ್ಲಿ ಬಂದಿತ್ತು. ನಾವು ಅವನ್ನು ಹಾಗೆಯೇ ಸಾಲಾಗಿಟ್ಟು ಫೇಡರುಗಳನ್ನು ಎಳೆಯತೊಡಗಿದೆವು. ಪೇಟಿ ಹೆಚ್ಚಾಯಿತೆಂದು ಇಳಿಸಿದರೆ ತಾಳ ಕುಟ್ಟುತ್ತದೆ. ತಾಳ ಇಳಿಸಿದರೆ ಅಜ್ಜಿ ಕೇಳಿಸುವುದಿಲ್ಲ. ಅಜ್ಜಿಯ ಫೇಡರನ್ನು ತುತ್ತತುದಿಗೆ ಒಯ್ದರೂ ಸಾಲದು, ಅದಕ್ಕಿಂತ ಮೇಲೆ ಹೋಗಲು ಅದಕ್ಕೆ ದಾರಿಯಿಲ್ಲ. ಎರಡು ರಾತ್ರಿ ಹೀಗೆ ಕಳೆದವು.

ಹಳಬರಿಗೆ ನೆನಪಿರಬಹುದು: ಮೆಟ್ರಿಕ್ ಪದ್ಧತಿ ಬರುವ ಮುಂಚೆ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಲ್ಲ. ಎರಡು ಕಡೆಯ ಜೋಳವನ್ನು ಒಂದೇ ಲೆಕ್ಕಕ್ಕೆ ಹಿಡಿಯಬೇಕಾದರೆ ಮೊದಲು ಎರಡನ್ನೂ ಒಂದೇ ಮಾಪಿನಿಂದ ಅಳೆಯಬೇಕಾಗಿತ್ತು. ೧೯೫೬ರ ಕಾಯಿದೆ ದೇಶಕ್ಕೆಲ್ಲ ಒಂದು ತೂಕ, ಒಂದು ಅಳತೆ ಎಂದು ಗೊತ್ತು ಮಾಡಿ ಈ ಗೊಂದಲಕ್ಕೆ ಕೊನೆ ಹಾಕಿತು. ಟ್ರ್ಯಾಕುಗಳಿಗೂ ಇಂಥದೇ ಒಂದು ಕಾಯಿದೆ ಬೇಕು. ಫೇಡರುಗಳನ್ನೆಲ್ಲ ಸೊನ್ನೆಯ ಗುರುತಿನಲ್ಲಿ ಬಿಟ್ಟು, ಮುಟ್ಟದೆ, ಪ್ರತಿ ಟ್ರ್ಯಾಕಿನ ಮೂಲ ಮಟ್ಟವನ್ನೇ ಏರಿಸಿ ಇಳಿಸಿ ಒಂದೇ ಗುರಿಗೆ ತರಬೇಕು. ತಂತ್ರಾಂಶಗಳಲ್ಲಿ ಇದಕ್ಕೆ ಕ್ಲಿಪ್ ಗೇನ್, ಟ್ರಿಮ್ ಎಂದು ನಾನಾ ಹೆಸರುಗಳಿವೆ. ಪುಕ್ಕಟೆಯಾಗಿ ದೊರೆಯುವ ಅಡಾಸಿಟಿಯಲ್ಲಿ ಆಂಪ್ಲಿಫೈ ಎಂಬ ಆಜ್ಞೆಯಿಂದಲೂ ಇದೇ ಕೆಲಸವಾಗುತ್ತದೆ.

ಗುರಿ ಎಲ್ಲಿರಬೇಕು? ಸರಾಸರಿ ಮಟ್ಟ ಸೊನ್ನೆಗಿಂತ ೧೮ರಿಂದ ೨೦ ಡೆಸಿಬೆಲ್ ಕೆಳಗೆ ಎಂಬುದು ರೂಢಿ. ಈ ಅಂಕೆಗೆ ಒಂದು ಇತಿಹಾಸವಿದೆ. ಅಮೆರಿಕದ ರೇಡಿಯೋ ಮತ್ತು ಟೆಲಿಫೋನು ಕಂಪನಿಗಳು ೧೯೩೯ರ ಸುಮಾರಿಗೆ ಬಳಕೆಗೆ ತಂದ ವಿಯು ಮೀಟರಿನ ಮುಳ್ಳು ಬೇಕೆಂದೇ ನಿಧಾನವಾಗಿ ಚಲಿಸುವಂಥದು. ಕ್ಷಣಿಕ ಪೆಟ್ಟುಗಳನ್ನು ಬಿಟ್ಟು ಧ್ವನಿಯ ಮೈಯನ್ನು ತೋರಿಸುತ್ತದೆ. ಡಿಜಿಟಲ್ ಕಾಲ ಬಂದಾಗ ಆ ಮುಳ್ಳಿನ ಸೊನ್ನೆಯನ್ನು ಹೊಸ ಸೂರಿನಿಂದ ೧೮ ಅಥವಾ ೨೦ ಡೆಸಿಬೆಲ್ ಕೆಳಗೆ ಹೊಂದಿಸುವ ಪದ್ಧತಿ ಬೆಳೆಯಿತು. ಹಳೆಯ ಯಂತ್ರಗಳ ಅನುಕರಣೆಯಾಗಿ ಬಂದಿರುವ ಕಂಪ್ರೆಸರು ಮೊದಲಾದ ಪ್ಲಗಿನ್ನುಗಳಲ್ಲಿ ಹಲವು ಇದೇ ಮಟ್ಟದ ಧ್ವನಿಯನ್ನು ನಿರೀಕ್ಷಿಸುತ್ತವೆ. ಹತ್ತು ಡೆಸಿಬೆಲ್ ಹೆಚ್ಚು ಕೊಟ್ಟರೆ ಕತ್ತು ಹಿಸುಕಿದಂತೆ ಒತ್ತುತ್ತವೆ. ಕಡಮೆ ಕೊಟ್ಟರೆ ಸುಮ್ಮನೆ ಕೂರುತ್ತವೆ.

ಇಲ್ಲಿ ಸರಾಸರಿ ಎಂದೆವು, ಶಿಖರ ಎನ್ನಲಿಲ್ಲ. ಇದನ್ನು ಗಮನಿಸದವರು ನಾರ್ಮಲೈಸ್ ಎಂಬ ಆಜ್ಞೆಯ ಬಲೆಗೆ ಬೀಳುತ್ತಾರೆ. ಅದು ಪ್ರತಿ ಟ್ರ್ಯಾಕಿನ ಅತ್ಯುನ್ನತ ಶಿಖರವನ್ನು ಒಂದೇ ಎತ್ತರಕ್ಕೆ ತರುತ್ತದೆ. ನೋಡಲು ಎಲ್ಲವೂ ಸಮವಾದಂತೆ ಕಾಣುತ್ತದೆ. ಆದರೆ ಪೇಟಿಯ ಧ್ವನಿ ನಮ್ಮ ದಖನ್ನಿನ ಪೀಠಭೂಮಿಯಂತೆ, ಮೈಯೆಲ್ಲ ಎತ್ತರ. ತಾಳದ ಧ್ವನಿ ಬಯಲ ನಡುವೆ ತಟ್ಟನೆ ಎದ್ದ ಪರ್ವತಿಯ ಗುಡ್ಡದಂತೆ, ಒಂದು ಚೂಪು, ಉಳಿದದ್ದೆಲ್ಲ ತಗ್ಗು. ತಬಲಾ ಡಗ್ಗಾಗಳದೂ ಇದೇ ಜಾತಿ. ಎರಡರ ಶಿಖರಗಳನ್ನು ಸಮ ಮಾಡಿದರೆ ಪೇಟಿ ಎಲ್ಲರ ಮೇಲೆ ಬಿದ್ದು ಕೂರುತ್ತದೆ.

ನಮ್ಮ ಐದು ಟ್ರ್ಯಾಕುಗಳನ್ನು ಕೊನೆಗೆ ಅಳೆದಾಗ ದೊರೆತ ಸರಾಸರಿಗಳು ಹೀಗಿದ್ದವು. ಅಜ್ಜಿಯ ಹಾಡು ಸೊನ್ನೆಗಿಂತ ೩೮ ಕೆಳಗೆ, ಹಿಮ್ಮೇಳ ೨೧, ಪೇಟಿ ೧೪, ತಂಬೂರಿ ೩೦, ತಾಳ ೩೩, ಆದರೆ ಅದರ ಶಿಖರ ಸೊನ್ನೆಗಿಂತ ಬರೀ ೩ ಕೆಳಗೆ. ಅಜ್ಜಿಗೂ ಪೇಟಿಗೂ ೨೪ ಡೆಸಿಬೆಲ್ ಅಂತರವಿದ್ದರೆ ಫೇಡರು ಪಾಪ ಏನು ಮಾಡೀತು! ಗುರಿ ೨೦ ಎಂದಿಟ್ಟುಕೊಂಡು ಅಜ್ಜಿಯನ್ನು ೧೮ ಏರಿಸಿದೆವು, ಹಿಮ್ಮೇಳವನ್ನು ೧ ಏರಿಸಿದೆವು, ಪೇಟಿಯನ್ನು ೬ ಇಳಿಸಿದೆವು, ತಂಬೂರಿಯನ್ನು ೧೦ ಏರಿಸಿದೆವು. ತಾಳಕ್ಕೆ ಈ ಲೆಕ್ಕ ಹಿಡಿಯದು. ಅದರ ಸರಾಸರಿಯನ್ನು ೨೦ಕ್ಕೆ ತರಹೋದರೆ ಶಿಖರ ಸೂರು ಒಡೆದು ೧೦ ಡೆಸಿಬೆಲ್ ಮೇಲೆ ಹೋಗುತ್ತದೆ. ಹೊಡೆತದ ವಾದ್ಯಗಳನ್ನು ಶಿಖರದಿಂದಲೇ ತೂಗಬೇಕು. ಸೊನ್ನೆಗಿಂತ ೧೦ ಕೆಳಗೆ ಶಿಖರ ನಿಲ್ಲುವಂತೆ ತಾಳವನ್ನು ೭ ಇಳಿಸಿದೆವು. ಅಳೆಯುವಾಗ ಇನ್ನೊಂದು ಎಚ್ಚರ: ಧ್ವನಿ ಇರುವ ಭಾಗವನ್ನು ಮಾತ್ರ ಆರಿಸಿ ಅಳೆಯಬೇಕು. ಸಾಲು ಸಾಲಿನ ನಡುವೆ ಹಿಮ್ಮೇಳ ಸುಮ್ಮನಿರುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿದರೆ ಸರಾಸರಿ ಸುಳ್ಳು ಹೇಳುತ್ತದೆ. ಒಂದೇ ಟ್ರ್ಯಾಕಿನೊಳಗೆ ಒಂದು ಸಾಲು ಪಿಸುಗುಟ್ಟಿ ಇನ್ನೊಂದು ಕೂಗುತ್ತಿದ್ದರೆ ಅದನ್ನು ತುಂಡು ತುಂಡಾಗಿ ಕತ್ತರಿಸಿ ಪ್ರತಿ ತುಂಡನ್ನೂ ತುಸು ತುಸು ಹೊಂದಿಸುವುದು ಲೇಸು. ಬೇಸರದ ಕೆಲಸ, ಅಕ್ಕಿ ಆರಿಸಿದ ಹಾಗೆ. ಆದರೆ ಹಾಡಿನ ಏರಿಳಿತವನ್ನೆಲ್ಲ ಇಸ್ತ್ರಿ ಹಾಕಿ ಸಪಾಟು ಮಾಡಬಾರದು. ಹಾಡುವವರು ಬೇಕೆಂದು ಮೆಲ್ಲಗೆ ಹಾಡಿದ್ದು ಮೆಲ್ಲಗೇ ಇರಲಿ.

ಎಲ್ಲವನ್ನೂ ಇಷ್ಟು ತಗ್ಗಿನಲ್ಲಿ ಏಕಿಡಬೇಕೆಂದು ಕೇಳಬಹುದು. ಧ್ವನಿಗಳು ಕೂಡಿದಾಗ ಬೆಳೆಯುತ್ತವೆ. ಸಮಮಟ್ಟದ ಎರಡು ಬೇರೆ ಬೇರೆ ಧ್ವನಿಗಳು ಕೂಡಿದರೆ ೩ ಡೆಸಿಬೆಲ್ ಹೆಚ್ಚು, ನಾಲ್ಕಾದರೆ ೬, ಎಂಟಾದರೆ ೯. ಒಂದೇ ಧ್ವನಿಯ ಎರಡು ಪ್ರತಿಗಳನ್ನು ಒಂದರ ಮೇಲೊಂದು ಇಟ್ಟರಂತೂ ಒಮ್ಮೆಗೇ ೬. ಐದು ಟ್ರ್ಯಾಕುಗಳಿಂದ ಸುಮಾರು ೭ ಏರುತ್ತದೆಂದು ಮೊದಲೇ ಗೊತ್ತಿದ್ದರೆ ಆ ಏಳಕ್ಕೆ ಜಾಗ ಕಾಯ್ದಿರಿಸುವುದು ಗೃಹಸ್ಥನ ಲಕ್ಷಣ. ಇಂದಿನ ತಂತ್ರಾಂಶಗಳು ಒಳಗೊಳಗೆ ತೇಲು ದಶಮಾಂಶದ ಲೆಕ್ಕ ಮಾಡುವುದರಿಂದ ನಡುವೆ ಸೂರು ದಾಟಿದರೂ ಕೆಡುವುದಿಲ್ಲವೆಂದು ಬಲ್ಲವರು ಹೇಳುತ್ತಾರೆ. ಅದು ದಿಟ. ಆದರೆ ಹೊರಗೆ ಸ್ಪೀಕರಿಗೆ ಹೋಗುವಾಗ, ಕಡತವಾಗಿ ಉಳಿಸುವಾಗ ಅದೇ ಹಳೆಯ ಸೂರು ಕಾದಿರುತ್ತದೆ.

ಇನ್ನು ಕಿವಿಯ ವಿಚಾರ. ಮೀಟರಿಗಿಂತ ಕಿವಿಯೇ ದೊಡ್ಡದು ಎನ್ನುವವರ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಕಿವಿ ಲಂಚಕೋರ. ಒಂದೇ ಹಾಡನ್ನು ತುಸು ಗಟ್ಟಿಯಾಗಿ ಕೇಳಿಸಿದರೆ ಅದೇ ಚೆಂದ ಎಂದು ತೀರ್ಪು ಕೊಟ್ಟುಬಿಡುತ್ತದೆ. ಅದಲ್ಲದೆ, ಧ್ವನಿ ಸಣ್ಣದಾದಷ್ಟೂ ಕೆಳಗಿನ ಸ್ವರಗಳು ಕಿವಿಗೆ ಹೆಚ್ಚು ಸಣ್ಣದಾಗುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ೧೯೩೩ರಲ್ಲೇ ಅಳೆದು ತೋರಿಸಿದರು. ರಾತ್ರಿ ನೆರೆಯವರಿಗೆ ತೊಂದರೆಯಾಗದಿರಲೆಂದು ಮೆಲ್ಲಗೆ ಕೇಳುತ್ತ ಕೂತವನಿಗೆ ಡಗ್ಗಾ ಸಾಲದೆನಿಸುತ್ತದೆ, ಏರಿಸುತ್ತಾನೆ. ಬೆಳಿಗ್ಗೆ ಸಹಜ ಮಟ್ಟದಲ್ಲಿ ಹಾಕಿದರೆ ಕಿಟಕಿ ಗಾಜು ನಡುಗುತ್ತದೆ. ಆದ್ದರಿಂದ ಸ್ಪೀಕರಿನ ಗುಂಡಿಯನ್ನು ಎದುರು ಕೂತವರೊಡನೆ ಮಾತಾಡುವಷ್ಟು ಮಟ್ಟಕ್ಕೆ ಒಮ್ಮೆ ಇಟ್ಟು, ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ, ಕೆಲಸ ಮುಗಿಯುವವರೆಗೆ ಅದನ್ನು ಮುಟ್ಟಬಾರದು. ಅಳತೆಗೋಲೇ ದಿನಕ್ಕೊಂದು ಉದ್ದವಾದರೆ ಬಟ್ಟೆ ಅಳೆಯುವುದು ಹೇಗೆ?

ಇಷ್ಟಾದ ಮೇಲೆ ಬೆರೆಸುವುದು ನಿಜಕ್ಕೂ ಸುಲಭ. ಅಜ್ಜಿಯ ಹಾಡನ್ನು ಸೊನ್ನೆಯಲ್ಲೇ ಬಿಟ್ಟು ಉಳಿದವನ್ನೆಲ್ಲ ಪೂರ್ತಿ ಇಳಿಸಿ, ಒಂದೊಂದನ್ನೇ ಮೇಲಕ್ಕೆ ತಂದೆವು. ಹಿಮ್ಮೇಳ ಅಜ್ಜಿಯ ಸೆರಗು ಹಿಡಿದು ನಡೆಯುವಷ್ಟು. ಪೇಟಿ ಅದಕ್ಕಿಂತ ತುಸು ಹಿಂದೆ. ತಾಳ ಗೊತ್ತಾಗುವಷ್ಟು ಮಾತ್ರ. ತಂಬೂರಿ ಇರುವಾಗ ಇದೆಯೆನಿಸದೆ, ನಿಲ್ಲಿಸಿದಾಗ ಇತ್ತೆನಿಸಬೇಕು. ಹಿಂದೆ ಎರಡು ರಾತ್ರಿ ಹಿಡಿದರೂ ಆಗದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಯಾವ ಫೇಡರೂ ಹತ್ತು ಡೆಸಿಬೆಲ್ಲಿಗಿಂತ ಹೆಚ್ಚು ಸರಿಯಲಿಲ್ಲ.

ಕೊನೆಯ ಪ್ರತಿಯನ್ನು ಗಟ್ಟಿ ಮಾಡಬೇಕೆಂಬ ಆಸೆಯನ್ನೂ ಬಿಡಬಹುದು. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ೨೦೧೦ರಲ್ಲಿ, ಶಿಖರವನ್ನಲ್ಲ, ಕೇಳುವವನಿಗೆ ಎನಿಸುವ ಗಟ್ಟಿತನವನ್ನೇ ಅಳೆದು ಕಾರ್ಯಕ್ರಮಗಳನ್ನು ಸಮ ಮಾಡುವ ನಿಯಮ ತಂದಿತು. ಅಂತರ್ಜಾಲದಲ್ಲಿ ಹಾಡು ಕೇಳಿಸುವ ಮುಖ್ಯ ಸೇವೆಗಳು ಕೂಡ ಇಂಥದೇ ಅಳತೆಯಿಂದ ಅತಿ ಗಟ್ಟಿಯಾದದ್ದನ್ನು ತಾವೇ ಇಳಿಸುತ್ತವೆ. ಕೂಗಿ ಹೇಳಿದ್ದಕ್ಕೆ ಅಲ್ಲಿ ಹೆಚ್ಚಿನ ಬೆಲೆಯಿಲ್ಲ.

ಎರಡನೆಯ ಹಾಡು ರಾಜ್ಯೋತ್ಸವದ ದಿನ ಕೇಳಿಬಂತು. ಫ್ಯಾನಿನ ಸದ್ದು ಅಲ್ಲಲ್ಲಿ ಇದ್ದೇ ಇದೆ. ತೆಗೆಯಹೋದರೆ ಅಜ್ಜಿಯ ಉಸಿರೂ ಹೋಗುತ್ತಿತ್ತು, ಬಿಟ್ಟೆವು. ಊರಿಗೂ ಒಂದು ಪ್ರತಿ ಕಳಿಸಿದೆವು. ಅದನ್ನು ಕೇಳಿ ಅವರು ಮಗನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟು: “ಛಲೋ ಆಗೇದ. ಆದರ ಮೊದಲನೇದ್ದು ಎಲ್ಲಿ ಐತಿ?” ಅದು ಹರಿದ ಸಾಲುಗಳೊಡನೆ, ಒಂದಿಷ್ಟೂ ತಿದ್ದದೆ, ವಾಚನಾಲಯದ ಕಂಪ್ಯೂಟರಿನಲ್ಲಿದೆ. ಆ ಪದದ ಮಾತುಗಳನ್ನಾದರೂ ಉಳಿಸಿಕೊಳ್ಳೋಣವೆಂದು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದೇವೆ. ಮೂರನೆಯ ಸಾಲಿನ ಎರಡು ಶಬ್ದಗಳು ಇನ್ನೂ ತಿಳಿದಿಲ್ಲ. ನವಲಗುಂದ, ರೋಣದ ಕಡೆಯ ಬೀಸುವ ಪದಗಳನ್ನು ಬಲ್ಲ ತಾಯಂದಿರು ಯಾರಾದರೂ ಭಾನುವಾರ ಬಂದು ಕೇಳಿ ಹೇಳಿದರೆ ಉಪಕಾರವಾದೀತು.